ಎಡಗೈಯ ಕಿರುಬೆರಳು

ನೆಲ್ಯಾಡಿಯ ಸಾಲಿಯಕ್ಕ ಪುತ್ತೂರಿನ ಅರ್ಧ ಊರಿಗೆ ಕಂಪ್ಯೂಟರ್ ಟೀಚರ್ ಎಂದೇ ಪರಿಚಯ. ಇಪ್ಪತ್ತೈದು ವರ್ಷ ಕಲಿಸಿದವಳು, ಪರಿಚಯ ಇಲ್ಲದಿದ್ದರೇ ಆಶ್ಚರ್ಯ. ಆದರೆ ಆ ಕುರ್ಚಿ ಅವಳಿಗೆ ಹೇಗೆ ಸಿಕ್ಕಿತು ಎಂದು ಸರಿಯಾಗಿ ಬಲ್ಲವರು ಈಗ ಊರಲ್ಲಿ ಇಬ್ಬರೇ. ಒಬ್ಬಳು ಅವಳೇ, ಕೇಳಿದರೆ ನಕ್ಕು ಮಾತು ತಪ್ಪಿಸುತ್ತಾಳೆ. ಇನ್ನೊಬ್ಬ ಅಜ್ಜಾವರದ ಮಾಯಿಲಪ್ಪ, ಅಂದರೆ ನಾನು. ಹೇಳಿದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ, ಈ ವಯಸ್ಸಿನಲ್ಲಿ ಅದನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಲಿಕ್ಕುಂಟೆ?

ನಾವಿಬ್ಬರೂ ಐಪ್ ಮಾಸ್ಟ್ರ ಶಿಷ್ಯರು. ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಮಾಳಿಗೆಯಲ್ಲಿ ಅವರ ಟೈಪಿಂಗ್ ಶಾಲೆ. ಒಂಬತ್ತು ಟೈಪ್‌ರೈಟರ್, ಒಂದು ಬೆತ್ತ, ಎರಡು ಸೂತ್ರ. ಮೊದಲನೆಯದು, "ಓದಬೇಡ, ಹೊಡಿ." ಅರ್ಥ ಹುಡುಕುತ್ತಾ ಕೂತರೆ ಬೆರಳು ನಿಧಾನವಾಗುತ್ತದಂತೆ. ಎರಡನೆಯದು, "ಒಂದು ಅಂದರೆ ಎಲ್." ಆ ಹಳೆಯ ಮಿಷನ್‌ಗಳಲ್ಲಿ ಅಂಕಿಗಳ ಸಾಲು ಎರಡರಿಂದ ಶುರುವಾಗುತ್ತಿತ್ತು, ಒಂದಕ್ಕೆ ಬೇರೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವನ್ನು ಹೊಡೆದರೆ ಕಾಗದದ ಮೇಲೆ ಅದೇ ಒಂದಾಗಿ ಕಾಣುತ್ತಿತ್ತು. ಬಲಗೈಯ ಉಂಗುರ ಬೆರಳು ಕೂತಲ್ಲೇ ಕೆಳಗೆ ಒತ್ತಿದರೆ ಮುಗಿಯಿತು. ಸಾವಿರ ಸಲ, ಹತ್ತು ಸಾವಿರ ಸಲ ಒತ್ತಿದ್ದೇವೆ.

ನಾನು ಮೊದಲ ಸೂತ್ರದ ಭಕ್ತ. ನಿಮಿಷಕ್ಕೆ ಅರುವತ್ತು ಪದ ಹೊಡೆಯುತ್ತಿದ್ದೆ, ಅದರಲ್ಲಿ ಒಂದರ ಅರ್ಥವೂ ತಲೆಗೆ ಹೋಗುತ್ತಿರಲಿಲ್ಲ. ನನಗಿಂತ ಎರಡು ವರ್ಷ ದೊಡ್ಡವಳಾದ ಸಾಲಿಯಕ್ಕ ನಲುವತ್ತೈದು ದಾಟಲಿಲ್ಲ, ಯಾಕೆಂದರೆ ಅವಳು ಓದುತ್ತಿದ್ದಳು. ಅಭ್ಯಾಸದ ಪುಸ್ತಕದಲ್ಲಿ ಯಾವುದೋ ಕಂಪೆನಿ, ನೂರು ಬೋಲ್ಟು ಕಳಿಸಿ ಎಂದು ಬರೆದ ಪತ್ರವೊಂದಿತ್ತು. ಎಲ್ಲರೂ ಹೊಡೆದು ಹಾಳೆ ತೆಗೆದರೆ ಇವಳು ಎದ್ದು ನಿಂತು, "ಮಾಸ್ಟ್ರೆ, ಅವರಿಗೆ ಕೊನೆಗೆ ಬೋಲ್ಟು ಸಿಕ್ಕಿತಾ?" ಎಂದು ಕೇಳಿದಳು. ಮಾಸ್ಟ್ರು ಬೆತ್ತ ಹುಡುಕಿದರು. ನಾವು ವಾರಗಟ್ಟಲೆ ಅವಳನ್ನು ಬೋಲ್ಟಕ್ಕ ಎಂದು ಕರೆದೆವು.

೧೯೮೮ರಲ್ಲಿ ಸಮದ್ ಬಹರೈನಿನಿಂದ ಬಂದರು. ಪುತ್ತೂರಿನ ಬ್ಯಾರಿ ಮನೆತನ, ಅಪ್ಪನದ್ದು ಒಣಮೀನಿನ ವ್ಯಾಪಾರ. ಮಗ ಮಾತ್ರ ಅಲ್ಲಿ ಆರು ವರ್ಷ ಕಂಪ್ಯೂಟರ್ ಆಫೀಸಿನಲ್ಲಿದ್ದು, ಬರುವಾಗ ಒಂದು ಕಂಪ್ಯೂಟರನ್ನೇ ಹೊತ್ತು ತಂದಿದ್ದರು. ಊರಿನವರು ಅದನ್ನು ಟಿ.ವಿ. ಎಂದುಕೊಂಡು ಕ್ರಿಕೆಟ್ ಬರುತ್ತದಾ ಎಂದು ಕೇಳಿ ಹೋದರು. ಸಮದರ ಆಸೆ ಬೇರೆ. ಕಂಪ್ಯೂಟರ್ ಎದ್ದ ಕೂಡಲೇ ಮನೆಯ ಯಜಮಾನಿಯ ಹಾಗೆ ಎಲ್ಲರಿಗೂ ಕೆಲಸ ಹಂಚುವ ಒಂದು ಮೂಲ ಪ್ರೋಗ್ರಾಂ ಇರುತ್ತದೆ, ಅದರ ಹೆಸರು ಆಪರೇಟಿಂಗ್ ಸಿಸ್ಟಮ್. ಅವರೂ ಅಲ್ಲಿಯ ಗೆಳೆಯರೂ ಸೇರಿ ಅಂಥದ್ದೊಂದು ಸಣ್ಣದನ್ನು ಬರೆದಿದ್ದರು. ಅದನ್ನು ಬಿಚ್ಚಿ, ತಿದ್ದಿ, ಮತ್ತೆ ಕಟ್ಟುವುದನ್ನು ಇಲ್ಲಿಯ ಮಕ್ಕಳಿಗೆ ಕಲಿಸಬೇಕು ಎಂಬುದು ಅವರ ಹಠ.

ಆದರೆ ನಮ್ಮ ಹವೆ ಯಾರ ಹಠವನ್ನೂ ಕೇಳುವುದಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ಆ ಸಿಸ್ಟಮ್ ಇದ್ದ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಉಳಿದದ್ದು ಇನ್ನೂರು ಹಾಳೆಗಳ ಅಚ್ಚಿನ ಪ್ರತಿ, ಮತ್ತೆ ಬೇರೆ ಡಬ್ಬಿಯಲ್ಲಿದ್ದುದರಿಂದ ಬಚಾವಾದ ಕಂಪೈಲರ್. ಹಾಳೆಯಲ್ಲಿ ಇದ್ದದ್ದನ್ನು ಟೈಪ್ ಮಾಡಿ ಕೊಟ್ಟರೆ ಕಂಪೈಲರ್ ಅದನ್ನು ಮಿಷನ್ನಿನ ಭಾಷೆಗೆ ತಿರುಗಿಸಿ ಇಡೀ ಸಿಸ್ಟಮ್ ಕಟ್ಟಿಕೊಡುತ್ತದೆ. ಹಾಗೆ ಸಮದ್ ಐಪ್ ಮಾಸ್ಟ್ರ ಹತ್ತಿರ ಇಬ್ಬರು ಟೈಪಿಸ್ಟರನ್ನು ಕೇಳಿದರು, ಮಾಸ್ಟ್ರು ನಮ್ಮಿಬ್ಬರನ್ನು ಕಳಿಸಿದರು. ಮೊದಲ ನೂರು ಹಾಳೆ ಸಾಲಿಯಕ್ಕನಿಗೆ, ನಂತರದ ನೂರು ನನಗೆ.

ಕೆಲಸ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಖಾಯಂ ಇಟ್ಟುಕೊಳ್ಳುತ್ತೇನೆ ಎಂದು ಸಮದ್ ಮೊದಲೇ ಹೇಳಿದ್ದರು. ಕುರ್ಚಿ ಒಂದೇ. ನನಗೆ ಅದು ಫ್ಯಾನಿನ ಕೆಳಗಿನ ಒಳ್ಳೆಯ ಕುರ್ಚಿ, ಅಷ್ಟೆ. ಸಾಲಿಯಕ್ಕನಿಗೆ ಹಾಗಲ್ಲ. ಅವಳ ಅಪ್ಪ ಉಲಹನ್ನಾನ್ ರಬ್ಬರ್ ಕೃಷಿಕರು, ಜೂನ್ ಒಳಗೆ ಕೆಲಸ ಆಗದಿದ್ದರೆ ಮನೆಗೆ ಬಂದು ಹೊಲಿಗೆ ಕಲಿ ಎಂದು ಖಡಾಖಂಡಿತ ಹೇಳಿದ್ದರು. ಹೊಲಿಗೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. "ಆದ್ರೆ ಮಾಯಿಲಪ್ಪ, ನಾನು ಇಷ್ಟೆಲ್ಲ ಹೊಡ್ದದ್ದು ಎಂತದು ಅಂತ ಗೊತ್ತಾಗದೆ ಹೇಗೆ ಹೋಗುದು?" ಎಂದಳು. ನಾನು, "ಬೋಲ್ಟು ಸಿಕ್ಕಿತಾ ನೋಡ್ಲಿಕ್ಕಾ?" ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಎರಡು ತಿಂಗಳು ಹೊಡೆದೆವು. ಜೂನ್ ಮೊದಲ ವಾರ ಸಮದ್ ಕಂಪೈಲರನ್ನು ಓಡಿಸಿದರು. ಮಿಷನ್ ಬೊಬ್ಬೆ ಹಾಕಿದ್ದೇ ಹಾಕಿದ್ದು! ಪರದೆಯ ತುಂಬ ತಪ್ಪುಗಳ ಸಾಲು. ಸಮದ್ ಹತ್ತು ನಿಮಿಷ ನೋಡಿ ಹೊಟ್ಟೆ ಹಿಡಿದು ನಕ್ಕರು. "ಎಂತ ಮಾರಾಯ್ರೆ ಇದು! ಎಲ್ಲಾ ಕಡೆ ಒಂದು ಅನ್ನುವಲ್ಲಿ ಎಲ್ ಉಂಟಲ್ಲ. ಈ ಮಿಷನಿಗೆ ಒಂದು ಬೇರೆ, ಎಲ್ ಬೇರೆ." ನಾವು ನಾಚಿಕೊಂಡು ಮಿಷನ್ ಬೊಬ್ಬೆ ಹಾಕಿದ ಪ್ರತಿ ಸಾಲನ್ನೂ ತಿದ್ದಿದೆವು. ಎರಡು ದಿನ ಹಿಡಿಯಿತು. ಮಿಷನ್ ತಣ್ಣಗಾಯಿತು, ಒಂದು ತಪ್ಪನ್ನೂ ಹೇಳಲಿಲ್ಲ. ಎಲ್‌ನ ವಿಷಯ ಅಲ್ಲಿಗೆ ಮುಗಿಯಿತು ಎಂದು ಮೂವರೂ ತಿಳಿದೆವು.

ಸಿಸ್ಟಮ್ ಕಟ್ಟಿ ಆಯಿತು. ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಸಾಲು ಬಂತು, ಸಿಸ್ಟಮಿನ ಹೆಸರು. ಮತ್ತೆ ಏನೂ ಇಲ್ಲ. ಮುಂದಿನ ಸೋಮವಾರ ತರಗತಿ ಶುರು, ಹದಿನಾಲ್ಕು ಜನ ಹೆಸರು ಕೊಟ್ಟಾಗಿದೆ, ಮಿಷನ್ ನೋಡಿದರೆ ಒಂದು ಸಾಲು ಹೇಳಿ ಬಾಯಿ ಮುಚ್ಚಿ ಕೂತಿದೆ. ನಾಲ್ಕು ದಿನ ಸಮದ್ ಹಾಳೆ ಹಾಳೆ ನೋಡಿದರು. ಗಡ್ಡ ತೆಗೆಯುವುದನ್ನೂ ಬಿಟ್ಟರು. ಗುರುವಾರ ಮಧ್ಯಾಹ್ನ ಒಂದು ತೀರ್ಮಾನಕ್ಕೆ ಬಂದರು. ಸಿಸ್ಟಮ್ ಏಳುವಾಗಲೇ ಬೀಳುತ್ತಿದೆ, ಏಳುವ ಕೆಲಸದ ಹಾಳೆಗಳು ಮೊದಲ ನೂರರಲ್ಲಿವೆ, ಮೊದಲ ನೂರು ಸಾಲಿಯದ್ದು.

"ನೀವು ಹೊಡೆಯುವಾಗ ಪ್ರಶ್ನೆ ಜಾಸ್ತಿ ಕೇಳ್ತೀರಿ, ಸಾಲಿ. ಗಮನ ತಪ್ಪಿದೆ," ಎಂದರು. "ಸೋಮವಾರದಿಂದ ಮಾಯಿಲಪ್ಪ ಕೂತುಕೊಳ್ಳಲಿ."

ಆಗ ನಾನು ಏನಾದರೂ ಹೇಳಬಹುದಿತ್ತು. ನನ್ನ ಹಾಳೆಗಳನ್ನೂ ಯಾರೂ ಸರಿಯಾಗಿ ನೋಡಿಲ್ಲ ಸರ್, ಎಂದಾದರೂ ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಖುಷಿಯಾಗಿತ್ತು. ಆ ಖುಷಿಯ ಬಗ್ಗೆ ನನಗೆ ಇವತ್ತಿಗೂ ನಾಚಿಕೆ.

ಸಾಲಿಯಕ್ಕನ ಕಣ್ಣು ತುಂಬಿತ್ತು, ಆದರೆ ಅವಳು ಕೇಳಿದ್ದು ಕುರ್ಚಿಯನ್ನಲ್ಲ. "ಸರ್, ಎರಡು ದಿನ ಕೊಡಿ. ಎಲ್ಲಿ ನಿಲ್ತದೆ ಅಂತ ಒಂದು ನೋಡುವ. ನಂತರ ಬೇಕಾದ್ರೆ ನಾನೇ ಹೋಗ್ತೇನೆ."

"ನಾನು ನಾಲ್ಕು ದಿನ ನೋಡಿದ್ದು ಎಂತ ಮತ್ತೆ?"

"ನೀವು ಮೊದಲಿಂದ ನೋಡಿದ್ದು. ನಮ್ಮ ಅಪ್ಪಚ್ಚನ್ ಹಾಗೆ ನೋಡುದಿಲ್ಲ."

ಅವಳ ಮನೆಗೆ ನೀರು ಬರುವುದು ಗುಡ್ಡದ ಮೇಲೆ ನೀರಿಗಾಗಿ ಕೊರೆದ ಸುರಂಗದಿಂದ, ಅರ್ಧ ಮೈಲಿ ಉದ್ದದ ಪೈಪಿನಲ್ಲಿ. ನೀರು ನಿಂತರೆ ಅವಳ ಅಪ್ಪಚ್ಚನ್, ಅಂದರೆ ಅಪ್ಪ ಉಲಹನ್ನಾನ್, ಮೇಲಿನಿಂದ ಹುಡುಕಿಕೊಂಡು ಬರುವುದಿಲ್ಲ. ನೇರ ನಡುವಿನ ಜಾಯಿಂಟಿಗೆ ಹೋಗಿ ಬಿಚ್ಚುತ್ತಾರೆ. ಅಲ್ಲಿ ನೀರು ಇದ್ದರೆ ಕಟ್ಟಿಕೊಂಡದ್ದು ಕೆಳಗೆ, ಇಲ್ಲದಿದ್ದರೆ ಮೇಲೆ. ಮತ್ತೆ ಉಳಿದ ಅರ್ಧದ ನಡುವಿಗೆ. ನಾಲ್ಕೈದು ಜಾಯಿಂಟು ಬಿಚ್ಚುವಷ್ಟರಲ್ಲಿ ಪೈಪಿನೊಳಗಿನ ಏಡಿ ಕೈಗೆ ಸಿಗುತ್ತದೆ.

"ಇದರ ನಡುವಿನಲ್ಲಿ, 'ನೀರು ಇಲ್ಲಿವರೆಗೆ ಬಂತು' ಅಂತ ಹೇಳುವ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ ಸರ್?"

ಸಮದ್ ಕುರ್ಚಿ ಎಳೆದುಕೊಂಡರು. ಏಳುವ ಕೆಲಸದ ನಟ್ಟನಡುವೆ, ಪರದೆಯ ಮೇಲೆ ಒಂದು ನಕ್ಷತ್ರದ ಗುರುತು ಬರಲಿ ಎಂದು ಒಂದು ಸಾಲು ಸೇರಿಸಿ ಮತ್ತೆ ಕಟ್ಟಲು ಬಿಟ್ಟರು. ಒಂದು ಸಲ ಕಟ್ಟಲಿಕ್ಕೆ ನಲುವತ್ತು ನಿಮಿಷ, ಅದರ ನಡುವೆ ಕರೆಂಟು ಹೋದರೆ ಮೊದಲಿಂದ. ನಕ್ಷತ್ರ ಬಂತು. ತೊಂದರೆ ಕೆಳಗಿನ ಅರ್ಧದಲ್ಲಿ! ಗುರುವಾರ ಎರಡು ಸಲ, ಶುಕ್ರವಾರ ಮೂರು ಸಲ ಹೀಗೆ ಜಾಯಿಂಟು ಬಿಚ್ಚಿದರು. ಶುಕ್ರವಾರ ಸಂಜೆಗೆ ಒಂದೇ ಒಂದು ಸಾಲು ಉಳಿಯಿತು. ಆ ಸಾಲಿಗಿಂತ ಮೊದಲು ಇಟ್ಟ ನಕ್ಷತ್ರ ಬರುತ್ತದೆ, ನಂತರ ಇಟ್ಟದ್ದು ಬರುವುದಿಲ್ಲ. ಆ ಸಾಲು ತಾನಾಗಿ ಏನೂ ಮಾಡುತ್ತಿರಲಿಲ್ಲ, ನೂರ ಅರುವತ್ತಮೂರನೆಯ ಹಾಳೆಯಲ್ಲಿದ್ದ ಕೆಲಸವೊಂದನ್ನು ಕರೆಯುತ್ತಿತ್ತು, ಅಷ್ಟೆ.

ನೂರರಾಚೆಯದ್ದು ನನ್ನ ರಾಜ್ಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಆ ಹೊತ್ತು ಬೇರೇನೂ ತೋಚದೆ ಕಿಟಕಿ ಮುಚ್ಚಲಿಕ್ಕೆ ಎದ್ದೆ. ಸಾಲಿಯಕ್ಕ ನನ್ನ ಕಡೆ ನೋಡಲೂ ಇಲ್ಲ. ಯಾರ ಹಾಳೆ ಎಂಬುದು ಅವಳಿಗೆ ಮುಖ್ಯವೇ ಆಗಿರಲಿಲ್ಲ.

ಶನಿವಾರ ಬೆಳಿಗ್ಗೆ ಆ ಹಾಳೆಯನ್ನು ಹಿಡಿದು ಕೂತೆವು. ಮಿಷನ್ನಿನ ನೆನಪಿನಲ್ಲಿ ಅರುವತ್ತೊಂದು ಕೋಣೆ ಕಟ್ಟಬೇಕು ಎಂದು ಅಲ್ಲಿ ಬರೆದಿತ್ತು. ಪರದೆಯಲ್ಲೂ ಅರುವತ್ತೊಂದು ಎಂದೇ ಕಾಣುತ್ತಿತ್ತು. ಸಮದ್ ಅಕ್ಷರ ಅಕ್ಷರ ಹೋಲಿಸಿದರು, ವ್ಯತ್ಯಾಸ ಇಲ್ಲ.

"ಎಷ್ಟು ಕೋಣೆ ಕಟ್ಟಿದ್ದೀ ಅಂತ ಮಿಷನ್ನನ್ನೇ ಕೇಳಿ ಸರ್," ಎಂದಳು ಸಾಲಿಯಕ್ಕ.

ಕೇಳಿದರು. ಮಿಷನ್ ಹೇಳಿತು: ಆರು.

ಬರೆದದ್ದು ಅರುವತ್ತೊಂದು, ಮಿಷನ್ ಕಟ್ಟಿದ್ದು ಆರು! ಆರೇ ಕೋಣೆಯಲ್ಲಿ ಎಲ್ಲರಿಗೂ ಜಾಗ ಸಾಲದೆ ಸಿಸ್ಟಮ್ ಬಾಗಿಲಲ್ಲೇ ನಿಂತುಬಿಡುತ್ತಿತ್ತು. "ಮಿಷನೇ ಹಾಳಾಗಿದೆ," ಎಂದು ಸಮದ್ ತಲೆಗೆ ಕೈ ಇಟ್ಟರು. ಸಾಲಿಯಕ್ಕನ ಮುಖ ನೋಡಬೇಕಿತ್ತು ನೀವು. ಕೆಲಸ ಹೋಗಲಿಕ್ಕಿರುವವಳ ಮುಖವೇ ಅಲ್ಲ ಅದು, ಗೊಂಬೆಯ ಹೊಟ್ಟೆ ಬಿಚ್ಚಲಿಕ್ಕೆ ಹೊರಟ ಮಗುವಿನದ್ದು.

"ಮಾಯಿಲಪ್ಪ," ಎಂದಳು, "ಇಲ್ಲಿ ಬಾ. ಆ ಸಾಲನ್ನು ಇನ್ನೊಂದು ಸಲ ಹೊಡಿ."

"ಎಂತಕ್ಕೆ ಸಾಲಿಯಕ್ಕ? ಸರಿಯೇ ಉಂಟಲ್ಲ."

"ಹೊಡಿ ಮಾರಾಯ. ಹಾಳೆ ನೋಡಿಕೊಂಡು, ಯಾವಾಗಿನ ಸ್ಪೀಡಿನಲ್ಲಿ."

ಹೊಡೆದೆ. ಅವಳು ಪರದೆಯನ್ನು ನೋಡಲಿಲ್ಲ. ಬಗ್ಗಿ ನನ್ನ ಕೈಯನ್ನು ನೋಡಿದಳು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೊಡೆದೆ.

"ನಿನ್ನ ಎಡಗೈಯ ಕಿರುಬೆರಳು ಏಳ್ಲೇ ಇಲ್ಲ," ಎಂದಳು.

ಹೊಸ ಮಿಷನ್ನಿನಲ್ಲಿ ಒಂದರ ಕೀಲಿ ಎಡಗಡೆ ಮೇಲಿನ ಮೂಲೆಯಲ್ಲಿ. ಅದನ್ನು ಮುಟ್ಟಬೇಕಾದರೆ ಎಡಗೈಯ ಕಿರುಬೆರಳು ಏಳಲೇಬೇಕು. ನನ್ನದು ಕೂತಲ್ಲೇ ಕೂತಿತ್ತು, ಬಲಗೈಯ ಉಂಗುರ ಬೆರಳು ಐಪ್ ಮಾಸ್ಟ್ರ ಮಾತು ಪಾಲಿಸಿತ್ತು. ಆರು, ಎಲ್. ಪರದೆಯಲ್ಲಿ ಎರಡೂ ಒಂದೇ ಗೆರೆ, ಕಣ್ಣಿಗೆ ಗೊತ್ತಾಗುವಂಥದ್ದಲ್ಲ. ಬೆರಳಿಗೆ ಮಾತ್ರ ಗೊತ್ತು.

ಸಮದ್ ಹಣೆ ಹಣೆ ಬಡಿದುಕೊಂಡರು. ಅವರ ವಿವರಣೆ ಹೀಗಿತ್ತು. ಎಲ್‌ನಿಂದ ಶುರುವಾಗುವ ಅಂಕಿಯನ್ನು ಕಂಡರೆ ಕಂಪೈಲರ್ ಇದೇನು ಎಂದು ಕೂಗುತ್ತದೆ, ನಡುವೆ ಎಲ್ ಬಂದರೂ ಕೂಗುತ್ತದೆ. ಆದರೆ ಅಂಕಿಯ ಕೊನೆಯಲ್ಲಿ ಒಂದು ಎಲ್ ಇದ್ದರೆ, ಈ ಅಂಕಿಗೆ ಸ್ವಲ್ಪ ದೊಡ್ಡ ಜಾಗ ಕೊಡು ಎಂದು ಆ ಭಾಷೆಯಲ್ಲಿ ಅರ್ಥ. ಹಾಗಾಗಿ ಆರು, ಎಲ್ ಎಂದರೆ ದೊಡ್ಡ ಜಾಗದಲ್ಲಿ ಕೂತ ಆರು. ತಪ್ಪೇ ಅಲ್ಲ, ಯಾಕೆ ಕೂಗಬೇಕು?

"ಬೊಗಳುವ ನಾಯಿಗಳನ್ನೆಲ್ಲ ಕಟ್ಟಿ ಹಾಕಿದೆವು ಮಾರಾಯ್ರೆ, ಕಚ್ಚುವುದು ಬೊಗಳ್ಲೇ ಇಲ್ಲ!" ಎಂದರು.

ಇನ್ನೂ ಎಷ್ಟು ಕಡೆ ಹೀಗಿದೆ ಎಂದು ಮಿಷನ್ನಿಗೇ ಹುಡುಕಲು ಹೇಳಿದರು. ಹದಿನೇಳು ಸಾಲು ಹೊರಬಂತು. ಸಮದ್ ಪಟ್ಟಿಯನ್ನು ಹಾಳೆಗಳ ಜೊತೆ ತಾಳೆ ನೋಡಲಿಕ್ಕೆ ಹೊರಟರು.

"ನೋಡುದು ಬೇಡ ಸರ್," ಎಂದಳು ಸಾಲಿಯಕ್ಕ, ಪಟ್ಟಿಯ ಮೇಲೆ ಕಣ್ಣಾಡಿಸಿ. "ನಾಲ್ಕು ನಂದು. ನನ್ನ ಕೈಯೂ ಅದೇ ಶಾಲೆಯದ್ದಲ್ವಾ?"

ಉಳಿದದ್ದು ಯಾರದ್ದು ಎಂದು ಅವಳು ಹೇಳಲಿಲ್ಲ. ಹೇಳುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ತನ್ನ ನಾಲ್ಕನ್ನಷ್ಟೇ ಒಪ್ಪಿಕೊಂಡಳು. ಕೊನೆಗೆ ನಾನೇ ಹೇಳಿದೆ. "ಹದಿಮೂರು ನನ್ನದು ಸರ್. ನೂರ ಅರುವತ್ತಮೂರೂ ನನ್ನದೇ. ಸಾಲಿಯಕ್ಕನಿಗೆ ಬೈದದ್ದು ತಪ್ಪು. ಆವತ್ತೇ ಹೇಳಬೇಕಿತ್ತು, ಹೇಳ್ಲಿಲ್ಲ."

ಸಮದ್ ಹದಿನೇಳು ಸಾಲನ್ನೂ ತಿದ್ದಲಿಕ್ಕೆ ಕೂತರು.

ನಾನು ನಂತರ ಸುಳ್ಯದಲ್ಲಿ ಒಬ್ಬ ದಸ್ತಾವೇಜು ಬರಹಗಾರರ ಆಫೀಸಿಗೆ ಟೈಪಿಸ್ಟಾಗಿ ಸೇರಿದೆ. ಅಲ್ಲಿ ಹಳೆಯ ಮಿಷನ್, ಅಲ್ಲಿ ಒಂದು ಅಂದರೆ ಎಲ್. ಮೂವತ್ತು ವರ್ಷ ನನ್ನ ಬೆರಳಿಗೆ ಯಾರೂ ತಪ್ಪು ಹೇಳಲಿಲ್ಲ. ಸಾಲಿಯಕ್ಕ ಮಾತ್ರ ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ, ಎಲ್ಲರೂ ಪರದೆ ನೋಡುತ್ತಿರುವಾಗ, ಅವರ ಬೆನ್ನ ಹಿಂದೆ ನಿಂತು ಕೈಗಳನ್ನು ನೋಡುತ್ತಿದ್ದಳಂತೆ.

ಆ ಶನಿವಾರ ಹನ್ನೆರಡೂವರೆಗೆ ಕಟ್ಟುವ ಕೆಲಸ ಮುಗಿಯಿತು. ಸಮದ್ ಗುಂಡಿ ಒತ್ತಿದರು. ಹೆಸರಿನ ಸಾಲು ಬಂತು. ಎರಡನೆಯ ಸಾಲೂ ಬಂತು. ಇಂದಿನ ತಾರೀಕು ಎಷ್ಟು ಎಂದು ಸಿಸ್ಟಮ್ ಕೇಳಿತು.

ಸಮದ್ ಕುರ್ಚಿಯಿಂದ ಎದ್ದು ಅದನ್ನು ಸಾಲಿಯಕ್ಕನ ಕಡೆ ತಿರುಗಿಸಿದರು. "ನೀವೇ ಹೇಳಿ ಅದಕ್ಕೆ," ಎಂದರು. "ಸೋಮವಾರದಿಂದಲೂ ನೀವೇ."

ಅವಳು ಕೂತಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಕೈ ಕೀಲಿಗಳ ಮೇಲೆ ಇಟ್ಟಳು. ಹನ್ನೊಂದನೇ ತಾರೀಕು, ಆರನೇ ತಿಂಗಳು, ಸಾವಿರದ ಒಂಬೈನೂರ ಎಂಬತ್ತೆಂಟು. ಅದರಲ್ಲಿ ಒಂದು ಎಷ್ಟು ಸಲ ಬರುತ್ತದೆ ಎಂದು ನಾನು ಆಗಲೇ ಲೆಕ್ಕ ಹಾಕಿದ್ದೆ. ಅವಳ ಎಡಗೈಯ ಕಿರುಬೆರಳು ನಿಧಾನವಾಗಿ ಎದ್ದು, ಮೂಲೆಯ ಕೀಲಿಯನ್ನು ಮೂರು ಸಲ ಮುಟ್ಟಿ ಬಂತು. ಹಿಂದೆ ನಿಂತಿದ್ದ ನನ್ನ ತೊಡೆಯ ಮೇಲೆ, ನಾನು ಹೇಳದೆಯೇ, ಬಲಗೈಯ ಉಂಗುರ ಬೆರಳು ಮೂರು ಸಲ ಒತ್ತಿತು.