ಬಾಯಿ ಮುಚ್ಚಿಕೊಂಡು ಲಾಯದೊಳಗೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದೇ ಚಟ, ಮಧ್ಯದಲ್ಲೇ ತಡೆದು ಪ್ರಶ್ನೆ ಕೇಳುವುದು. ನೀವೇ ನೋಡಿದಿರಾ? ಬೆಳಕು ಎಷ್ಟಿತ್ತು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಚಟ ಅದು. ನಾಲ್ಕು ಪ್ರಶ್ನೆ ಕೇಳುವುದರೊಳಗೆ ಕಥೆ ಕುಸಿಯುತ್ತದೆ. ಈಗ ಹೇಳಹೊರಟಿರುವುದಕ್ಕೂ ನೀವು ಹಾಗೆಯೇ ಕೇಳಿ, ಬೇಸರವಿಲ್ಲ. ನಾನೂ ಕೇಳಿಕೊಂಡು ಸಾಕಾಗಿದ್ದೇನೆ.

ಸೋಮವಾರಪೇಟೆಯಲ್ಲಿ ಸಂತೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಕುದುರೆ ಲಾಯವಿದೆ. ಎಸ್ಟೇಟಿನ ಬಿಳಿ ದೊರೆಗಳು ಪೇಟೆಗೆ ಬಂದಾಗ ಕುದುರೆ ಕಟ್ಟುತ್ತಿದ್ದ ಜಾಗ. ಜೀಪುಗಳು ಬಂದ ಮೇಲೆ ಏಲಕ್ಕಿ ಗೋಡೌನ್ ಆಯಿತು, ಆಮೇಲೆ ಸ್ಕೂಟರ್ ಗ್ಯಾರೇಜ್. ಕಲ್ಲಿನ ಗೋಡೆಯಲ್ಲಿ ಕಬ್ಬಿಣದ ಬಳೆಗಳು ಈಗಲೂ ಇವೆ. ಒಂದೊಂದು ಕುದುರೆ ನಿಲ್ಲುವಷ್ಟೇ ಅಗಲದ ಅಂಕಣಗಳೂ ಇವೆ. ನನ್ನ ಅಕ್ಕ ಸುಮ ಇದ್ದ ಕೆಲಸ ಬಿಟ್ಟು, ಮನೆಯವರೊಂದಿಗೆಲ್ಲ ಜಗಳ ಮಾಡಿ, ಬೇಕರಿಗೆಂದು ಅದನ್ನು ಬಾಡಿಗೆಗೆ ಹಿಡಿದಳು.

ಒಳಗೆ ಹೋಗುವವರು ಹೊಸ್ತಿಲಲ್ಲೇ "ಬಂದೆ, ಬಂದೆ" ಎಂದು ದನಿ ಕೊಡಬೇಕು, ಅಲ್ಲಿನ ರೂಢಿ. ಕಟ್ಟಡದ ಒಡತಿ ಬೋಜಮ್ಮ ಆಂಟಿ ಬೀಗ ತೆಗೆಯುವಾಗಲೂ ಹಾಗೇ ಅನ್ನುತ್ತಿದ್ದರು.

"ಸದ್ದಿಲ್ಲದೆ ಹೋದ್ರೆ ಕುದುರೆ ಬೆದರಲ್ವಾ ಮಾರಾಯ?"

"ಕುದುರೆ ಎಲ್ಲಿದೆ ಆಂಟಿ?"

"ಇಲ್ಲ ಅಂತ ಅದಕ್ಕೆ ಯಾರು ಹೇಳಿದ್ದಾರೆ?"

ಬೇಕರಿಯ ಮರಗೆಲಸಕ್ಕೆ ಬಂದ ಬಡಗಿಗಳಲ್ಲಿ ಒಬ್ಬ ದನಿ ಕೊಡದೆ ಒಳಗೆ ಹೋದವನು ಬಿಳಿಚಿಕೊಂಡು ಓಡಿಬಂದ. ಅಂದಿನಿಂದ ಉಳಿದವರೂ ಬರಲಿಲ್ಲ. ಅಕ್ಕನ ಹೊಸ ಓವನ್ ಟಾರ್ಪಾಲಿನಡಿ ಅಂಗಳದಲ್ಲೇ ಕೂತಿತು. ಇನ್ನೂ ಹೀಗೇ ಆದರೆ ಅಂಗಡಿಯೂ ಇಲ್ಲ, ಬಿಟ್ಟ ಕೆಲಸವೂ ಇಲ್ಲ. ನನಗೆ ರೇಗಿತು. ಸಂತೆಯ ದಿನ ಬಡಗಿಗಳನ್ನು ಬಾಗಿಲಿಗೆ ಕರೆಸಿದೆ. ನಿಮ್ಮೆದುರೇ ಮಾತಿಲ್ಲದೆ ಒಳಗೆ ಹೋಗಿ ಅರ್ಧ ಗಂಟೆ ನಿಂತು ತೋರಿಸುತ್ತೇನೆ ಎಂದೆ.

"ನೀನು ಅರ್ಧ ಗಂಟೆ ಬಾಯಿ ಮುಚ್ಕೊಂಡಿರ್ತೀಯಾ? ಪವಾಡ ಅಂದ್ರೆ ಅದೇ ಕಣೋ" ಎಂದಳು ಅಕ್ಕ. ಬಡಗಿಗಳು ನಕ್ಕರು.

ಮಧ್ಯಾಹ್ನ ಕಳೆದು ಮಂಜು ಇಳಿದಿತ್ತು. ಆದರೂ ಕೊನೆಯ ಅಂಕಣದಿಂದ ಬಾಗಿಲು, ಬಾಗಿಲಲ್ಲಿ ನಿಂತ ಅಕ್ಕ, ಎಲ್ಲ ಕಾಣುತ್ತಿತ್ತು. ದನಿ ಕೊಡದೆ ಅಲ್ಲಿಗೆ ಹೋಗಿ, ಬಲಗಡೆಯ ಗೋಡೆಗೆ ಭುಜ ತಾಗಿಸಿ ನಿಂತೆ. ಮೊದಲು ಸಂತೆಯ ಗದ್ದಲ ಸಣ್ಣದಾಯಿತು, ಯಾರೋ ದಪ್ಪ ಕಂಬಳಿ ಇಳಿಬಿಟ್ಟ ಹಾಗೆ. ಆಮೇಲೆ ಎಡಗಡೆ ಬೆಚ್ಚಗಾಯಿತು. ಆಮೇಲೆ ಭಾರ.

ಏನೋ ಒಂದು ನನ್ನ ಮೇಲೆ ನಿಧಾನವಾಗಿ ಒರಗುತ್ತಿತ್ತು. ಕಣ್ಣಿಗೆ ಏನೂ ಇಲ್ಲ. ನನಗೂ ಅಕ್ಕನಿಗೂ ನಡುವೆ ಬರೀ ಖಾಲಿ ನೆಲ. ಆದರೆ ಆ ಮೈ ಅದುರುತ್ತಿತ್ತು. ನನಗಿಂತ ಹೆಚ್ಚು ಹೆದರಿದ್ದು ಅದು, ಆ ಹೆದರಿಕೆಯಲ್ಲೇ ನನ್ನನ್ನು ಗೋಡೆಗೆ ಒತ್ತುತ್ತಿತ್ತು. ಪಕ್ಕೆಲುಬು ನೋಯತೊಡಗಿತು. "ಬಂದೆ" ಎಂದರೆ ಸಾಕು ಅಂತ ಗೊತ್ತಾಯಿತು. ಹೇಳಲು ಎದೆಯಲ್ಲಿ ಉಸಿರಿರಲಿಲ್ಲ. ಸಾಯುತ್ತೇನೆ ಅಂದುಕೊಂಡೆ, ಅಕ್ಕ ನೋಡುತ್ತಿರುವಂತೆಯೇ.

"ಏನೋ, ಮುಖ ಯಾಕೆ ಹಾಗಾಯ್ತು?" ಅಕ್ಕನ ದನಿ ಬದಲಾಗಿತ್ತು. ಹೊಸ್ತಿಲು ದಾಟಿ ಒಳಗೆ ಓಡಿಬಂದಳು. "ಬಂದೆ, ಬಂದೆ, ಬಂದೆ!"

ಭಾರ ಸರಿಯಿತು. ಕಲ್ಲುಹಾಸಿನ ಮೇಲೆ ಒಂದೇ ಒಂದು ಹೆಜ್ಜೆಯ ಸದ್ದು. ಅಕ್ಕ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

ಹೊರಗೆ ಬಡಗಿಗಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ದನಿ ಕೊಟ್ಟು ಹೋಗಿ, ಏನೂ ಆಗಲ್ಲ" ಎಂದೆ. ಇಷ್ಟೆಲ್ಲ ವಾದ ಮಾಡುವವನೇ ಹಾಗಂದ ಮೇಲೆ ಅವರಿಗೂ ಧೈರ್ಯ ಬಂದಿರಬೇಕು, ಮರುದಿನ ಕೆಲಸಕ್ಕೆ ಬಂದರು.

ಹೆದರಿದರೆ ಉಸಿರು ಕಟ್ಟುತ್ತದೆ, ಮನಸ್ಸು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಈ ವಾದವನ್ನು ನಾನೇ ಚೆನ್ನಾಗಿ ಮಂಡಿಸಬಲ್ಲೆ. ಆದರೆ ಅಂದು ನನ್ನ ಅಂಗಿಯ ಎಡಭಾಗ ಮಾತ್ರ ತೊಯ್ದು ಹೋಗಿತ್ತು. ಗೋಡೆಯ ತೇವ ಅನ್ನೋಣವೆಂದರೆ, ಗೋಡೆ ಇದ್ದದ್ದು ಬಲಕ್ಕೆ. ಅಲ್ಲಿಗೆ ಬಂದು ನನ್ನ ವಾದ ನಿಲ್ಲುತ್ತದೆ, ಪ್ರತಿಸಲವೂ.

ಬೇಕರಿ ಈಗ ಚೆನ್ನಾಗಿ ನಡೆಯುತ್ತಿದೆ. ಅಕ್ಕ ಬಾಗಿಲಿಗೊಂದು ದೊಡ್ಡ ಗಂಟೆ ಕಟ್ಟಿಸಿದ್ದಾಳೆ, ಯಾರು ಬಾಗಿಲು ತಳ್ಳಿದರೂ ಸದ್ದು ಮಾಡುವಂಥದ್ದು. ಜನ ಬಂದದ್ದು ಗೊತ್ತಾಗಲಿ ಅಂತ, ಅನ್ನುತ್ತಾಳೆ. ಯಾರಿಗೆ ಎಂದು ನಾನು ಕೇಳಿಲ್ಲ.