ಎರಡು ಕೈಯಲ್ಲಿ ಕೊಟ್ಟ ಬೆಳ್ಳಿ ಕಪ್

ತಮಿಳುನಾಡಿನ ಕಂಬಂನಲ್ಲಿ ಬೆಳಗಿನ ಐದೂವರೆಯ ಬಸ್ಸು ಹತ್ತಿದಾಗ ನನ್ನ ಮಡಿಲಲ್ಲಿ ಒಂದು ಬಟ್ಟೆ ಚೀಲ, ಅದರೊಳಗೆ ಪಂಚೆಯಲ್ಲಿ ಸುತ್ತಿದ ಬೆಳ್ಳಿ ಕಪ್. ನನ್ನ ತಾತ ರಂಗಪ್ಪ ಕೊಡೈಕಾನಲ್ ಕೆರೆಯ ದೋಣಿ ಕ್ಲಬ್ಬಿನಲ್ಲಿ ಇಂಗ್ಲಿಷ್ ದೊರೆಗಳಿಗೆ ಹುಟ್ಟು ಹಾಕುತ್ತಿದ್ದವರು. ಕೆಲಸದವರಿಗೆಂದು ಇಟ್ಟ ಪಂದ್ಯದಲ್ಲಿ ಅವರು ಗೆದ್ದು ತಂದದ್ದು ಅದು. ದೇವರ ಗೂಡಿನಲ್ಲಿ ದೀಪದ ಪಕ್ಕ ಅದರ ಜಾಗ. ಹೊರಡುವಾಗ ಅವ್ವ ಬಾಗಿಲಿಗೆ ಅಡ್ಡ ನಿಂತು, “ಅದಿಲ್ದೆ ಈ ಹೊಸ್ತಿಲು ತುಳೀಬ್ಯಾಡ ಮಗಾ,” ಎಂದಳು.

ಥೇನಿ ನಲವತ್ತು ಕಿಲೋಮೀಟರ್. ಬಸ್ ಸ್ಟ್ಯಾಂಡಿನಲ್ಲಿ ತಂಗಿಯ ಮಗಳು ಸೆಲ್ವಿ ಕಾದಿದ್ದಳು. ಅವಳು ಕೆಲಸ ಮಾಡುವ ಅಚ್ಚಾಪೀಸಿನಲ್ಲೇ ಆ ಕ್ಲಬ್ಬಿನ ಚರಿತ್ರೆಯ ಪುಸ್ತಕ ತಯಾರಾಗುತ್ತಿತ್ತು. ಫೋನಿನಲ್ಲಿ ಹೇಳಿದ್ದ ಇಂಗ್ಲಿಷ್ ಸಾಲನ್ನೇ ಮತ್ತೊಮ್ಮೆ ಓದಿ ಅರ್ಥ ಹೇಳಿದಳು: ಕಂಬಂನ ದೋಣಿಯಾಳು ರಂಗ ಕಪ್ ಕದ್ದು ಓಡಿಹೋದ. ಸೋಮವಾರ ಅಚ್ಚಿಗೆ. ಅಂದು ಶುಕ್ರವಾರ. ಅಷ್ಟರೊಳಗೆ ಕ್ಲಬ್ಬಿನವರಿಂದಲೇ ಅದನ್ನು ತಿದ್ದಿಸಬೇಕಿತ್ತು. ಎರಡು ಇಡ್ಲಿ ತರಿಸಿ ಒಂದನ್ನೂ ಮುಗಿಸಲಾಗಲಿಲ್ಲ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ದ್ರಾಕ್ಷಿ ತೋಟಗಳಿಗೆ ಕಲ್ಲುಕಂಬ ನೆಟ್ಟು, ತಂತಿ ಎಳೆದು ಮನೆ ಕಟ್ಟಿದೆ. ಯಾರೂ ಬೆರಳು ತೋರಿಸುವ ಹಾಗೆ ಬದುಕಲಿಲ್ಲ. ಈಗ ಕಪ್ ತೋರಿಸಿದರೆ ಕದ್ದ ಮಾಲು ಸಿಕ್ಕಿತು ಎನ್ನುತ್ತಾರೆ, ತೋರಿಸದಿದ್ದರೆ ನನ್ನ ಮಾತಿಗೆ ಸಾಕ್ಷಿಯಿಲ್ಲ. ಅದರ ಮೇಲೆ ತಾತನ ಹೆಸರು ಕೆತ್ತಿದ್ದರಂತೆ. ಅಜ್ಜಿ, ಆಮೇಲೆ ಅವ್ವ, ಪ್ರತಿ ಅಮಾವಾಸ್ಯೆ ಹುಣಸೆಹಣ್ಣು, ಬೂದಿ ಹಾಕಿ ಭಕ್ತಿಯಿಂದ ಉಜ್ಜಿ ಉಜ್ಜಿ ಅಕ್ಷರವೆಲ್ಲ ಸವೆದು ಹೋಗಿದೆ.

ಥೇನಿಯಲ್ಲಿ ಹತ್ತಿದ ಕೊಡೈಕಾನಲ್ ಬಸ್ಸು ಪೆರಿಯಕುಳಂನ ಮಾವಿನ ತೋಪು ದಾಟಿ ಘಾಟಿ ಹತ್ತಿದಂತೆ ಮಂಜು ಮುಸುಕಿತು. ತಿರುವಿನಲ್ಲಿ ಬಸ್ಸು ವಾಲಿದಾಗೆಲ್ಲ ಚೀಲವನ್ನು ಅಪ್ಪಿಕೊಂಡೆ. ಕಂಡಕ್ಟರ್ ನಮ್ಮ ಹಾಗೇ ಕನ್ನಡ ಮಾತಿನವನು. “ಏನ್ ಪೆರಿಯವರೇ, ಈ ವಯಸ್ನಾಗೆ ಹೊಸ ಹೆಂಡ್ರಾ? ಬಿಡಂಗೇ ಇಲ್ಲ,” ಎಂದ. ಬಸ್ಸಿನವರು ನಕ್ಕರು, ನನಗೆ ನಗು ಬರಲಿಲ್ಲ. ಊರ ಬಾಗಿಲಿನ ಚೆಕ್‌ಪೋಸ್ಟಿನಲ್ಲಿ ಬೆಟ್ಟದ ಮೇಲೆ ನಿಷೇಧವಾದ ಪ್ಲಾಸ್ಟಿಕ್ ಬಾಟಲಿ ಹುಡುಕುವವನು ಚೀಲ ಒತ್ತಿ ನೋಡಿ, ಒಳಗೇನು ಎಂದು ಕೇಳಿದ. ದೇವರ ಪಾತ್ರೆ ಎಂದೆ. ಬಿಟ್ಟ.

ಕ್ಲಬ್ಬು ಕೆರೆಯ ದಡದ ಹಳೆ ಮರದ ಕಟ್ಟಡ. ಬಯಲಿನ ಬಿಸಿಲು ತಾಳದೆ ಬೆಟ್ಟ ಹತ್ತುತ್ತಿದ್ದ ದೊರೆಗಳು ಅಲ್ಲಿ ದೋಣಿ ಪಂದ್ಯ ಆಡುತ್ತಿದ್ದರಂತೆ. ಸ್ವೆಟರ್ ಹಾಕಿದ್ದ ಮುದಿ ಸೆಕ್ರೆಟರಿ ತಮಿಳಿನಲ್ಲಿ ಇದನ್ನೆಲ್ಲ ಹೇಳುತ್ತಾ ಗಾಜಿನ ಬೀರು ತೋರಿಸಿದರು. ಸಾಲಾಗಿ ಕಪ್‌ಗಳು, ಒಂದು ಕಡೆ ಖಾಲಿ. ಚೀಲ ಕಾಲಿನ ಹಿಂದೆ ಸರಿಸಿ, ಗೆದ್ದವರ ಕಪ್ ಇಲ್ಲೇಕಿದೆ ಎಂದು ಕೇಳಿದೆ. ಗೆದ್ದವನು ಒಂದು ವರ್ಷ ಮನೆಯಲ್ಲಿಟ್ಟುಕೊಂಡು ವಾಪಸ್ ತರಬೇಕು, ಅದೇ ಇಲ್ಲಿಯ ಪದ್ಧತಿ ಎಂದರು.

ನಮ್ಮಲ್ಲಿ ನಾಲ್ಕು ಜನರ ಎದುರು ಎರಡು ಕೈಯಲ್ಲಿ ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದಿಲ್ಲ. ಕೊಟ್ಟರೆ ಮರ್ಯಾದೆಯನ್ನೇ ಅವರ ಮುಖಕ್ಕೆ ಎಸೆದಂತೆ. ತಾತ ಗೆದ್ದ ವರ್ಷವೇ ಕೆಲಸ ಬಿಟ್ಟು ಕಣಿವೆಗೆ ಇಳಿದಿದ್ದರು. ಕಪ್ ತಮ್ಮದೇ ಎಂದು ತಿಳಿದು ಸತ್ತರು.

ನಾನು ರಂಗಪ್ಪನ ಮೊಮ್ಮಗನೆಂದು, ಅಚ್ಚಾಗಲಿರುವ ಸಾಲನ್ನೂ ಸೇರಿಸಿ, ಇದನ್ನೆಲ್ಲ ಹೇಳಿದೆ. ಸೆಕ್ರೆಟರಿ ಕ್ಲಬ್ಬಿನ ಹಳೆ ದಾಖಲೆ ಪುಸ್ತಕ ತಂದು ಹುಡುಕಿದರು. ಕೆಲಸದವರ ಪಂದ್ಯ, ಗೆದ್ದವನು ರಂಗ. ಮರುವರ್ಷ, ಕಪ್ ಬಂದಿಲ್ಲ. ಕದ್ದ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅವರು ಕನ್ನಡಕ ತೆಗೆದು, “ಸಾಲು ತಿದ್ದಬಹುದು, ಐಯಾ. ಆದರೆ ಕಪ್ ಎಲ್ಲಿ ಅಂತ ಕಮಿಟಿ ಕೇಳುತ್ತೆ,” ಎಂದರು.

ಅವ್ವನ ಮಾತು ಕಿವಿಯಲ್ಲಿತ್ತು. ಚೀಲದಿಂದ ಕಪ್ ತೆಗೆದು, ಸುತ್ತಿದ್ದ ಪಂಚೆ ಬಿಚ್ಚಿದೆ. ಅವರು ಒಂದು ಕೈ ಚಾಚಿದರು, ಇನ್ನೊಂದರಲ್ಲಿ ಫೋನಿತ್ತು. ನಾನು ಕೊಡಲಿಲ್ಲ, ಹಾಗೇ ಹಿಡಿದು ನಿಂತೆ. ಅವರಿಗೆ ಅರ್ಥವಾಯಿತು. ಫೋನ್ ಮೇಜಿನ ಮೇಲಿಟ್ಟು ಎರಡೂ ಕೈ ಚಾಚಿದರು.

ಅವರು ಇಂಗ್ಲಿಷಿನಲ್ಲಿ ಹೊಸ ಸಾಲು ಬರೆದು, ಸಹಿ ಹಾಕಿ, ಅಚ್ಚಾಪೀಸಿಗೆ ಕೊಡಿ ಎಂದರು. ಇಳಿಯುವ ದಾರಿಯೆಲ್ಲ ಆ ಚೀಟಿ ಅಂಗಿಯ ಜೇಬಿನಲ್ಲಿ ಕೆಂಡದಂತಿತ್ತು. ಏನು ಬರೆದಿದ್ದಾರೋ, ಓದಲು ನನಗೆ ಬಾರದು. ಕಪ್ಪೂ ಹೋಯಿತು, ಹೆಸರೂ ಹೋದರೆ?

ಥೇನಿಯಲ್ಲಿ ಸೆಲ್ವಿ ಚೀಟಿ ಬಿಡಿಸಿದಳು. ಅವಳ ಮುಖವನ್ನೇ ನೋಡಿದೆ. “ರಂಗ ಗೆದ್ದರು, ಅವರ ಮನೆಯವರು ಮರ್ಯಾದೆಯಿಂದ ಕಾಪಾಡಿ ಹಿಂದಕ್ಕೆ ಕೊಟ್ಟರು ಅಂತ ಇದೆ, ಮಾಮಾ.” ಇನ್ನೊಮ್ಮೆ ಓದಿಸಿದೆ. ಆಮೇಲೆ ಅವಳು ಮೆಲ್ಲಗೆ, “ಅಮ್ಮಚ್ಚಿಗೆ ಏನ್ ಹೇಳ್ತೀರಿ?” ಎಂದು ಅವ್ವನ ಬಗ್ಗೆ ಕೇಳಿದಳು. ಚೀಟಿಯನ್ನು ಅವಳ ಕೈಯಲ್ಲೇ ಬಿಟ್ಟು ಕಂಬಂ ಬಸ್ಸು ಹತ್ತಿದೆ.

ಕಂಬಂ ತಲುಪಿದಾಗ ದೀಪ ಹಚ್ಚುವ ಹೊತ್ತು. ಹೊಸ್ತಿಲ ಈಚೆಗೇ ನಿಂತೆ. ಅವ್ವ ನನ್ನ ಕೈಯಲ್ಲಿ ಹಗುರಾಗಿ ಜೋತುಬಿದ್ದ ಚೀಲವನ್ನು ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ.

“ಎರಡು ಕೈಲೂ ಇಸ್ಕಂಡ್ರಾ?”

“ಇಸ್ಕಂಡ್ರು, ಅವ್ವಾ.”

ಅವಳು ಒಳಗೆ ಹೋಗಿ ದೀಪವನ್ನು ಕಪ್ ಇದ್ದ ಜಾಗಕ್ಕೆ ಸರಿಸಿಟ್ಟು, ಕಾಲು ತೊಳೆದು ಬಾ ಎಂದಳು.