ದೊಡ್ಡಮ್ಮನ ಚಿಲಕದ ಪಾಠ

ಬೆಳಗಿನ ಆರು ಗಂಟೆ. ಮಹಿಳಾ ಜೈಲಿನ ಅಂಗಳದಲ್ಲಿ ಗೋಡೆಯಿಲ್ಲದ ಒಂದು ಬಾಗಿಲು ನಿಂತಿದೆ. ಚೌಕಟ್ಟಿನ ಬುಡಕ್ಕೆ ಇಟ್ಟಿಗೆ ಒತ್ತುಕೊಟ್ಟು, ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಡುತ್ತಿದ್ದಾರೆ ಇಲ್ಲಿನ ಆಯಾ. ಕೈದಿಗಳ ಮಕ್ಕಳಿಗೆಲ್ಲ ಅವರು ದೊಡ್ಡಮ್ಮ. "ಕಿರ್ ಅಂದ್ರೆ ಹೆದರ್ತವೆ ನನ್ ಮಕ್ಳು," ಎನ್ನುತ್ತಾ ಕೈ ಒರೆಸಿಕೊಳ್ಳುತ್ತಾರೆ.

ಇಪ್ಪತ್ತೆರಡು ವರ್ಷದ ನೌಕರಿ. ಈಗ ಹದಿನೇಳು ಮಕ್ಕಳು: ಹಾಲು ಕುಡಿಯುವವು ನಾಲ್ಕು, ಉಳಿದವು ತಲೆ ತಿನ್ನುವವು. ತಾಯಿಗೆ ಶಿಕ್ಷೆಯಾದರೆ ಮಗು ಎಷ್ಟು ದಿನ ಜೊತೆಗಿರಬಹುದು ಎಂಬುದು ದೇಶಕ್ಕೊಂದು ಥರ. ಒಂದು ಕಡೆ ಒಂದೂವರೆ ವರ್ಷ, ಇನ್ನೊಂದು ಕಡೆ ಮೂರು. ಇಲ್ಲಿ ಆರು ತುಂಬಿದ ದಿನ ಮಗು ಹೊರಗೆ, ತಾಯಿ ಒಳಗೆ.

ಹನ್ನೆರಡು ವರ್ಷದ ಹಿಂದೆ ಇಲ್ಲಿಂದ ಚಿಕ್ಕಮ್ಮನ ಮನೆಗೆ ಹೋದ ಒಂದು ಮಗು, ಬಚ್ಚಲ ಬಾಗಿಲ ಮುಂದೆ ನಿಂತು ನಿಂತು ಚಡ್ಡಿ ಒದ್ದೆ ಮಾಡಿಕೊಂಡಿತಂತೆ. "ಮಗು ಮಂಕು ಅಂದ್ಕೊಂಡ್ರು ಮನೆಯವ್ರು. ಮಂಕೂ ಅಲ್ಲ, ಮಣ್ಣೂ ಅಲ್ಲ. ಹುಟ್ಟಿದಾಗಿಂದ ಬಾಗಿಲು ತೆಗೆಯೋದು ಪೊಲೀಸಕ್ಕ ಅಲ್ವಾ? ಅಕ್ಕ ಬರ್ಲಿ ಅಂತ ಕಾಯ್ತಿತ್ತು, ಪಾಪ." ಸುದ್ದಿ ಕೇಳಿದ ಮರುದಿನವೇ ದೊಡ್ಡಮ್ಮ ಉಗ್ರಾಣದ ಹಳೇ ಬಾಗಿಲು ಕೇಳಿದರು. "ಜೈಲಲ್ಲಿ ಬಾಗಿಲು ತೆಗೆಯೋ ಪಾಠನಾ? ನನ್ ಕೆಲಸಕ್ಕೇ ಕುತ್ತು ತರ್ತೀರಲ್ಲಮ್ಮಾ!" ಎಂದು ನಕ್ಕ ಜೈಲರ್ ಮೇಡಂ, ನಗುತ್ತಲೇ ಕೊಟ್ಟರಂತೆ.

ಇವತ್ತಿನ ವಿದ್ಯಾರ್ಥಿನಿ ಪುಟ್ಟಿ. ಸೋಮವಾರ ಆರು ತುಂಬುತ್ತದೆ, ಅಜ್ಜಿ ಬಂದು ಕರೆದೊಯ್ಯುತ್ತಾರೆ. ಅಮ್ಮನಿಗೆ ಇನ್ನೂ ಎರಡು ವರ್ಷ ಬಾಕಿ. ಇಪ್ಪತ್ತು ದಿನದಿಂದ ಪುಟ್ಟಿ ಈ ಬಾಗಿಲ ಮುಂದೆ ಕೈಕಟ್ಟಿ ನಿಲ್ಲುತ್ತಾಳೆ, ಅಷ್ಟೇ. ಸುತ್ತ ಬಯಲೇ ಇದ್ದರೂ ಪಕ್ಕದಿಂದ ದಾಟಬಹುದು ಎಂದು ಅವಳಿಗೆ ಹೊಳೆಯುವುದಿಲ್ಲ.

ಅಡುಗೆಕೋಣೆಯ ಕಿಟಕಿಗೆ ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಾಳೆ. ದೊಡ್ಡಮ್ಮ ಬೇಕೆಂದೇ ಬೆನ್ನು ತಿರುಗಿಸುತ್ತಾರೆ. "ನಾನಂತೂ ತೆಗೆಯಲ್ಲ ಕಣೇ!"

ಪುಟ್ಟಿ ಆಚೀಚೆ ನೋಡುತ್ತಾಳೆ. ಯಾವ ಅಕ್ಕನೂ ಇಲ್ಲ. ತುದಿಗಾಲಲ್ಲಿ ನಿಂತು ಕೈ ಚಾಚುತ್ತಾಳೆ. ಚಿಲಕ ಸರಿಯುತ್ತದೆ. ಹೊಸ್ತಿಲು ದಾಟಿದವಳು ಬಾಗಿಲು ಹಿಡಿದುಕೊಂಡೇ ಕಿಟಕಿಯತ್ತ ಕೂಗುತ್ತಾಳೆ: "ಅಮ್ಮಾ, ತೆಗ್ದಿದೀನಿ, ಬೇಗ ಬಾ!"

ಅಮ್ಮ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಳ್ಳುತ್ತಾಳೆ.

ನಿಮ್ಮ ಆಸೆಯೇನು ಎಂದು ಕೇಳಿದರೆ ದೊಡ್ಡಮ್ಮ ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಹೇಳುತ್ತಾರೆ: "ಎರಡು ವರ್ಷ ಬಿಟ್ಟು ಇವಳಮ್ಮ ಹೋಗಿ ಕದ ತಟ್ಟಿದಾಗ, ಅಜ್ಜಿ ಎದ್ದು ಬರಬಾರ್ದು. ಇವಳೇ ತೆಗೀಬೇಕು."